ಪುಕ್ಕಟೆ ಹೂಕೋಸಿನ ಎಲೆ ಹಾಕಿ ಆರು ಟ್ರೇ ಹುಳು ಕಳೆದುಕೊಂಡೆ, ನೀವು ಹಾಗೆ ಮಾಡಬೇಡಿ

ಅರೋವಾನಾ, ಫ್ಲವರ್‌ಹಾರ್ನ್ ಮೀನಿಗೋ ಮನೆಯ ನಾಟಿ ಕೋಳಿಗೋ ಅಂತ ಹುಳು ಸಾಕುವವರು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ. ಟೈಮ್ ಇಲ್ಲದವರಿಗೆ ಒಂದೇ ಮಾತು: ಹೊರಗಿನಿಂದ ತಂದ ಸೊಪ್ಪು ತರಕಾರಿಯನ್ನು ಒಂದೇ ಸಲ ಎಲ್ಲ ಟ್ರೇಗೂ ಹಾಕಬೇಡಿ. ನಾನು ಆರು ಟ್ರೇಗೆ ಹಾಕಿದೆ. ಎರಡು ರಾತ್ರಿಯಲ್ಲಿ ಎಂಟು ತಿಂಗಳ ಕೆಲಸ ಕಸದ ಚೀಲಕ್ಕೆ ಹೋಯಿತು.

ಬೆಂಗಳೂರಿನಲ್ಲಿ ಬಾಡಿಗೆ ಮನೆ ನಮ್ಮದು. ಮೇಲೆ ತಾರಸಿ, ತಾರಸಿಯಲ್ಲಿ ಒಂದು ಶೀಟಿನ ರೂಮು. ಓನರ್ ಆಂಟಿಗೆ 'ಮೀನಿನ ಊಟ ಇಟ್ಟಿದ್ದೇನೆ' ಅಂತ ಮಾತ್ರ ಹೇಳಿದ್ದೇನೆ, ಊಟ ತಾನೇ ಓಡಾಡುತ್ತದೆ ಅಂತ ಹೇಳಿಲ್ಲ. ಅಲ್ಲಿ 11 ಟ್ರೇ ಇದ್ದವು. ಸೂಪರ್‌ವರ್ಮ್, ಮೀಲ್‌ವರ್ಮ್ ಎರಡೂ. ಶುರು ಮಾಡಿದ್ದು ನಮ್ಮ ಅರೋವಾನಾ 'ರಾಜ'ನಿಗೋಸ್ಕರ. ಆಮೇಲೆ ಮೀನು ಸಾಕುವ ನಾಲ್ಕೈದು ಗೆಳೆಯರು ಕೇಳಿದರು, ಅವರಿಗೂ ಡಬ್ಬಿಯಲ್ಲಿ ಹಾಕಿ ಕೊಡುತ್ತಿದ್ದೆ. ಬೂಸಾ ಖರ್ಚು ಹುಟ್ಟುತ್ತಿತ್ತು, ಅಷ್ಟೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇವೆರಡೂ ದುಂಬಿಯ ಮರಿಗಳು. ಗೋಧಿ ಬೂಸಾನೇ ಅವುಗಳ ಹಾಸಿಗೆ, ಅದೇ ಊಟ. ಬಟ್ಟಲಲ್ಲಿ ನೀರಿಡುವ ಹಾಗಿಲ್ಲ, ಬೂಸಾ ನೆಂದು ಬೂಷ್ಟು ಹಿಡಿಯುತ್ತದೆ. ಅದಕ್ಕೇ ತರಕಾರಿ ಚೂರು ಹಾಕುವುದು, ನೀರಿನ ದಾಹಕ್ಕೆ. ಬಾಯಾರಿದ ಹುಳು ತರಕಾರಿ ಬಿದ್ದ ತಕ್ಷಣ ಮುಗಿಬೀಳುತ್ತದೆ. ಸೂಪರ್‌ವರ್ಮ್‌ದು ಇನ್ನೊಂದು ಗೋಳು. ಗುಂಪಿನಲ್ಲಿದ್ದರೆ ಅದು ಪ್ಯೂಪಾ (ಹುಳು ದುಂಬಿಯಾಗುವ ನಡುವಿನ ಹಂತ) ಆಗುವುದೇ ಇಲ್ಲ. ಒಂದೊಂದನ್ನೇ ಎತ್ತಿ ಬೇರೆ ಬೇರೆ ಪುಟ್ಟ ಡಬ್ಬಿಯಲ್ಲಿ ಒಂಟಿಯಾಗಿ ಕೂರಿಸಬೇಕು, ಆಗ ಮುರುಟಿಕೊಂಡು ಮಲಗುತ್ತದೆ. ನೂರಾರು ಹುಳುವನ್ನು ಹಾಗೆ ಕೂರಿಸಿ, ದುಂಬಿ ಮಾಡಿ, ಮೊಟ್ಟೆ ಇಡಿಸಿ, ಮರಿ ಬೆಳೆಸಿದ್ದೆ. ಅದಕ್ಕೇ ಹೊಟ್ಟೆ ಉರಿಯುವುದು.

ನಾನು ಯಾವಾಗಲೂ ಹಾಕುತ್ತಿದ್ದುದು ಸಿಪ್ಪೆ ತೆಗೆದ ಕ್ಯಾರೆಟ್. ಆ ವಾರ ಕ್ಯಾರೆಟ್ ಕೆಜಿಗೆ 90 ರೂಪಾಯಿ. ಸಂಜೆ ನಮ್ಮ ಬೀದಿ ಕೊನೆಯ ತಳ್ಳುಗಾಡಿಯ ಅಕ್ಕ ಹೂಕೋಸಿನ ಎಲೆ ಕತ್ತರಿಸಿ ಗಾಡಿ ಕೆಳಗೆ ಹಾಕುತ್ತಿದ್ದರು. "ಅಕ್ಕ, ಇದನ್ನ ಏನ್ ಮಾಡ್ತೀರಾ?" ಅಂದೆ. "ಹಸ ಬಂದ್ರೆ ತಿನ್ನುತ್ತೆ, ಬೇಕಾದ್ರೆ ತಗೊಂಡೋಗಣ್ಣ" ಅಂದರು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅಂತಾರಲ್ಲ, ಹಾಗೆ ಒಂದು ಚೀಲ ತುಂಬಿಕೊಂಡು ಬಂದೆ. ಆ ಅಕ್ಕನದು ಏನೂ ತಪ್ಪಿಲ್ಲ, ಅವರು ಬೆಳೆದದ್ದಲ್ಲ, ನಾನು ಯಾತಕ್ಕೆ ಒಯ್ಯುತ್ತಿದ್ದೇನೆ ಅಂತಲೂ ಅವರಿಗೆ ಗೊತ್ತಿಲ್ಲ.

ತೊಳೆದೆ. ನಲ್ಲಿ ಕೆಳಗೆ ಹಿಡಿದು ಕೊಡವಿದೆ, ಅದನ್ನೇ ತೊಳೆಯುವುದು ಅಂದುಕೊಂಡೆ. ಕೋಸಿನ ಎಲೆ ಮೇಲೆ ನೀರು ಹೇಗೆ ಮುತ್ತಿನ ಹಾಗೆ ಉರುಳುತ್ತದೆ ನೋಡಿದ್ದೀರಲ್ವಾ? ಮೇಣದ ಪದರ ಅದು. ಔಷಧಿಯೂ ಹಾಗೇ ಜಾರಬಾರದು ಅಂತ ರೈತರು ಗಮ್ ಸೇರಿಸಿ ಹೊಡೆಯುತ್ತಾರೆ. ಮಳೆಗೂ ಬಿಡಬಾರದು ಅಂತ ಅಂಟಿಸಿದ್ದು ನನ್ನ ನಲ್ಲಿ ನೀರಿಗೆ ಬಿಡುತ್ತದಾ?

ಎಲೆ ಆರು ಟ್ರೇಗೆ ಸಾಕಾಯಿತು. ಎರಡು ಟ್ರೇಗೆ ಮನೆಯಲ್ಲಿ ಉಳಿದಿದ್ದ ಕ್ಯಾರೆಟ್ ಹಾಕಿದೆ. ಇನ್ನು ಮೂರರಲ್ಲಿ ಬರೀ ಮೊಟ್ಟೆ ಮತ್ತು ಕಣ್ಣಿಗೆ ಕಾಣದ ಮರಿ ಇದ್ದವು, ಅವಕ್ಕೆ ಏನೂ ಹಾಕಲಿಲ್ಲ. ಇದು ನೆನಪಿಡಿ.

ರಾತ್ರಿ ಹತ್ತೂವರೆಗೆ ಮೇಲೆ ಹೋದೆ. ಲೈಟ್ ಹಾಕಿದರೆ ಹುಳುಗಳು ಸರಸರ ಬೂಸಾ ಒಳಗೆ ಇಳಿಯಬೇಕು, ಅದು ಅವುಗಳ ಸ್ವಭಾವ. ಅವತ್ತು ಇಳಿಯಲಿಲ್ಲ. ಎಲ್ಲ ಮೇಲೇ ಇದ್ದವು. ಕೆಲವು ಬೆನ್ನಡಿಯಾಗಿ ಬಿದ್ದು ಆರೂ ಕಾಲು ನಡುಗಿಸುತ್ತಿದ್ದವು, ಕೆಲವು ಅರ್ಧಚಂದ್ರದ ಹಾಗೆ ಬಾಗಿ, ನೆಟ್ಟಗಾಗಿ, ಮತ್ತೆ ಬಾಗಿ, ನಿಲ್ಲಿಸಲಿಕ್ಕೆ ಆಗದವರ ಹಾಗೆ. ಕೈಯಲ್ಲಿ ಒಂದನ್ನು ಎತ್ತಿಕೊಂಡೆ. ಮಾಮೂಲಿ ಸೂಪರ್‌ವರ್ಮ್ ಬೆರಳ ಸಂದಿಯಲ್ಲಿ ಜೋರಾಗಿ ತಿರುಚಿ ಜಾರಿಕೊಳ್ಳುತ್ತದೆ. ಇದು ಸುಮ್ನೆ ಅದುರುತ್ತಿತ್ತು, ಫೋನ್ ವೈಬ್ರೇಟ್ ಆದ ಹಾಗೆ. ಬಾಯಿಂದ ಒಂದು ತೊಟ್ಟು ಕಂದು ದ್ರವ ಬಂತು. ಶೆಕೆಗೆ ಹೀಗಾಗಿದೆ ಅಂದುಕೊಂಡು ಫ್ಯಾನ್ ಹಾಕಿ ಬಂದೆ. ಇದು ನನ್ನ ಎರಡನೇ ದಡ್ಡತನ. ಎಲೆ ಆಗಲೇ ತೆಗೆದಿದ್ದರೆ ಒಂದಷ್ಟಾದರೂ ಉಳಿಯುತ್ತಿದ್ದವೇನೋ.

ಬೆಳಿಗ್ಗೆ ಆರೂ ಟ್ರೇ ಮೆತ್ತಗೆ. ಹುಳು ಉದ್ದಕ್ಕೆ ಚಾಚಿಕೊಂಡು ಬಿದ್ದಿದ್ದವು, ಸಂಜೆಯ ಹೊತ್ತಿಗೆ ಕಪ್ಪಾದವು, ಮರುದಿನ ವಾಸನೆ. ಕ್ಯಾರೆಟ್ ಹಾಕಿದ ಎರಡು ಟ್ರೇ, ಬರೀ ಬೂಸಾದ ಮೂರು ಟ್ರೇ, ಅದೇ ರೂಮು, ಅದೇ ಬೂಸಾ, ಅದೇ ಶೆಕೆ, ಒಂದು ಹುಳವೂ ಸತ್ತಿಲ್ಲ. ಲ್ಯಾಬ್‌ಗೆ ಎಲೆ ಕಳಿಸಿಲ್ಲ, ಯಾವ ಔಷಧಿ ಅಂತ ಹೆಸರು ಹೇಳಲಾರೆ. ಆದರೆ ಇದಕ್ಕಿಂತ ಸಾಕ್ಷಿ ನನಗೆ ಬೇಕಿಲ್ಲ.

ಇನ್ನೂ ಹೆದರಿಸಿದ್ದು ರಾಜ. ಆ ಸಂಜೆ ಎಲೆ ಹಾಕಿದ ಎರಡು ಗಂಟೆಗೆ, ಅದೇ ಟ್ರೇಯಿಂದ ನಾಲ್ಕು ಹುಳು ಎತ್ತಿ ಅವನಿಗೆ ಹಾಕಿದ್ದೆ. ಹುಳು ಹೊಟ್ಟೆ ತುಂಬಾ ಆ ಎಲೆಯನ್ನೇ ತಿಂದಿತ್ತು. ಮೀನಿಗೆ ಕೊಡುವ ಮುಂಚೆ ಹುಳುವಿಗೆ ಒಳ್ಳೆಯ ತರಕಾರಿ ತಿನ್ನಿಸಿ, ಅದರ ಸತ್ವ ಮೀನಿಗೆ ಹೋಗುತ್ತದೆ ಅಂತ ನಾವೇ ಎಲ್ಲರಿಗೂ ಹೇಳುತ್ತೇವಲ್ಲ, ಸತ್ವ ಹೋಗುವ ದಾರಿಯಲ್ಲೇ ವಿಷವೂ ಹೋಗುತ್ತದೆ. ಮಾರನೇ ದಿನ ರಾಜ ಮೂಲೆಯಲ್ಲಿ ಮೂತಿ ಮೇಲೆ ಮಾಡಿ ನಿಂತುಬಿಟ್ಟ. ನೀರು ಬದಲಿಸಿದೆ, ಫಿಲ್ಟರ್‌ಗೆ ಹೊಸ ಇದ್ದಿಲು ಹಾಕಿದೆ. ಒಂಬತ್ತು ದಿನ ಏನೂ ತಿನ್ನಲಿಲ್ಲ. ಹತ್ತನೇ ದಿನ ಒಂದು ಸೀಗಡಿ ತಿಂದ. ಬದುಕಿದ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಥರದ ಪೈರೆಥ್ರಾಯ್ಡ್ ಔಷಧಿಗಳು ನಮಗೆ ಅಷ್ಟೇನೂ ಮಾಡದಿದ್ದರೂ ಮೀನಿಗೆ ಬಹಳ ಕೆಟ್ಟವು, ಇದು ಮೀನು ಸಾಕುವವರಿಗೆ ಗೊತ್ತಿರಲೇಬೇಕು.

ನಮ್ಮ ಸೋದರಮಾವ ಶಿಡ್ಲಘಟ್ಟದ ಕಡೆಯವರು, ರೇಷ್ಮೆ ಬೆಳೆಯುತ್ತಾರೆ. ಫೋನ್ ಮಾಡಿ ಹೇಳಿದರೆ ಬೈದರು. "ಏನಪ್ಪಾ ನೀನು, ಹುಳ ಸಾಕೋನು ಸೊಪ್ಪು ಎಲ್ಲಿಂದ ಬಂತು ಅಂತ ಕೇಳಬೇಡ್ವಾ?" ಅವರ ಪಕ್ಕದ ದ್ರಾಕ್ಷಿ ತೋಟದವರು ಔಷಧಿ ಹೊಡೆದಾಗ ಗಾಳಿ ಈ ಕಡೆ ಬೀಸಿದರೆ ಹಿಪ್ಪುನೇರಳೆ ಮೇಲೆ ಬೀಳುತ್ತದೆ. ಆ ಸೊಪ್ಪು ಹಾಕಿದರೆ ಹುಳ ತಲೆ ಎತ್ತಿ ಆಡಿಸುತ್ತದೆ, ಹಸಿರು ಕಕ್ಕುತ್ತದೆ, ಕುಗ್ಗುತ್ತದೆ. ನಾಲ್ಕನೇ ಜ್ವರ (ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು) ದಾಟಿ, ಇನ್ನೇನು ಗೂಡು ಕಟ್ಟಲು ಚಂದ್ರಿಕೆ ತಟ್ಟಿಗೆ ಬಿಡಬೇಕು ಅನ್ನುವಾಗ ಹೀಗಾದರೆ ಇಡೀ ಬೆಳೆ ಹೋಯಿತು. ಅದಕ್ಕೇ ಅನುಮಾನ ಬಂದ ಸೊಪ್ಪನ್ನು ಮೊದಲು ಹತ್ತಿಪ್ಪತ್ತು ಹುಳಕ್ಕೆ ಹಾಕಿ ನೋಡುತ್ತಾರಂತೆ. ಹಿಪ್ಪುನೇರಳೆ ಪಕ್ಕ ಹೊಗೆಸೊಪ್ಪು ಕೂಡ ಬೆಳೆಯಬಾರದು. ಹೊಗೆಸೊಪ್ಪಿನ ನಿಕೋಟಿನ್ ಹುಳುವಿನ ನರಕ್ಕೆ ಎಲ್ಲಿ ಹೊಡೆಯುತ್ತದೋ, ಈಗಿನ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಥರದ ಕೀಟನಾಶಕ ಹೊಡೆಯುವುದೂ ಅಲ್ಲೇ. ನಮ್ಮ ಮಾವನ ಮನೆಯಲ್ಲಿ ತಲೆಮಾರಿನಿಂದ ಗೊತ್ತಿದ್ದ ವಿಷಯ, ನಾನು ಸಿಟಿಗೆ ಬಂದು ದುಡ್ಡು ಕಳೆದುಕೊಂಡು ಕಲಿತೆ.

ಹೂಕೋಸಿನ ಎಲೆಯೇ ಯಾಕೆ ಇಷ್ಟು ಕೆಟ್ಟದ್ದು? ಕೋಸಿಗೆ ಬೀಳುವ ಡೈಮಂಡ್ ಬ್ಯಾಕ್ ಮಾತ್ ಅನ್ನುವ ಪತಂಗದ ಹುಳು ಯಾವ ಔಷಧಿಗೂ ಬೇಗ ಒಗ್ಗಿಕೊಂಡುಬಿಡುತ್ತದೆ. ಹಾಗಾಗಿ ಮತ್ತೆ ಮತ್ತೆ ಹೊಡೆಯುತ್ತಾರೆ. ನಾವು ತಿನ್ನುವ ಹೂವು ಎಲೆಗಳ ಮರೆಯಲ್ಲಿರುತ್ತದೆ, ಹೊಡೆದದ್ದರಲ್ಲಿ ಹೆಚ್ಚಿನದು ಹೊರಗಿನ ಎಲೆಗೇ ಬೀಳುತ್ತದೆ. ನಾನು ಹುಡುಕಿಕೊಂಡು ಹೋಗಿ ಹುಳುವಿಗೆ ಹಾಕಿದ್ದು ಅದನ್ನೇ.

'ನಾವು ತಿಂದರೆ ಏನೂ ಆಗಲ್ವಲ್ಲ' ಅಂತ ಒಬ್ಬ ಗೆಳೆಯ ವಾದ ಮಾಡಿದ. ಸರಿ, ಲೆಕ್ಕ ಹಾಕೋಣ. ಆಹಾರದಲ್ಲಿ ಎಷ್ಟು ಉಳಿಕೆ ಇರಬಹುದು ಅಂತ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಸಂಸ್ಥೆ) ಇಡುವ ಮಿತಿ ಮನುಷ್ಯನನ್ನು ನೋಡಿ ಇಟ್ಟದ್ದು, ಹುಳುವನ್ನಲ್ಲ. ಕೆಜಿಗೆ 0.01 ಮಿಲಿಗ್ರಾಂ ಅಂದರೆ ತುಂಬಾ ಬಿಗಿಯಾದ ಮಿತಿ. ಅದು ಒಂದು ಗ್ರಾಂ ಎಲೆಯಲ್ಲಿ 10 ನ್ಯಾನೋಗ್ರಾಂ. ಇಮಿಡಾಕ್ಲೋಪ್ರಿಡ್ ಹೊಟ್ಟೆಗೆ ಹೋದರೆ ಒಂದು ಜೇನುನೊಣಕ್ಕೆ ಸುಮಾರು 4 ನ್ಯಾನೋಗ್ರಾಂ ಮಾರಕವಾಗಬಹುದು. ಅರ್ಧ ಗ್ರಾಂ ಎಲೆಯಲ್ಲೇ ಅಷ್ಟಿದೆ. ದುಂಬಿ ಮರಿ ಜೇನುನೊಣ ಅಲ್ಲ, ಲೆಕ್ಕ ಅಷ್ಟೇ ಇರುವುದಿಲ್ಲ, ಒಪ್ಪುತ್ತೇನೆ. ಆದರೂ ಕೀಟನಾಶಕ ಮಾಡಿರುವುದೇ ಕೀಟ ಸಾಯಲಿ ಅಂತ, ಅಲ್ವಾ? ನಾವು ಸಾಕಿದ ಕೀಟ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅದರ ಮೇಲೆ ಇಮಿಡಾಕ್ಲೋಪ್ರಿಡ್ ಥರದವು ಗಿಡದ ರಸದಲ್ಲೇ ಸೇರಿಕೊಳ್ಳುತ್ತವೆ. ಉಪ್ಪು ನೀರು, ಹುಣಸೆ ನೀರು ಏನು ಹಾಕಿ ಉಜ್ಜಿದರೂ ಒಳಗಿರುವುದು ಒಳಗೇ.

ಎಲ್ಲ ಔಷಧಿಯೂ ಒಂದೇ ರಾತ್ರಿಯಲ್ಲಿ ಕೊಲ್ಲುವುದಿಲ್ಲ. ನೊವಾಲ್ಯುರಾನ್ ಥರದವು ಪೊರೆ ಕಳಚುವುದನ್ನು ಕೆಡಿಸುತ್ತವೆ. ಹುಳು ವಾರಗಟ್ಟಲೆ ಚೆನ್ನಾಗಿರುತ್ತದೆ, ಪೊರೆ ಬಿಡುವಾಗ ಅರ್ಧಕ್ಕೇ ಸಿಕ್ಕಿಕೊಂಡು ಸಾಯುತ್ತದೆ. ಆಗ ನೀವು ತೇವ ಕಡಿಮೆಯಾಯಿತು ಅಂದುಕೊಳ್ಳುತ್ತೀರಿ.

'ಹಾಗಾದರೆ ಆರ್ಗ್ಯಾನಿಕ್ ತರುತ್ತೇನೆ' ಅನ್ನುವವರಿಗೆ: ಸಾವಯವ ಬೆಳೆಗೂ ಔಷಧಿ ಹೊಡೆಯುತ್ತಾರೆ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಕೂಡ ಪೊರೆ ಕಳಚುವುದನ್ನೇ ಕೆಡಿಸುತ್ತದೆ. ಬಿಟಿ ಬ್ಯಾಕ್ಟೀರಿಯಾ ಪುಡಿಯಲ್ಲಿ ಕೋಸಿಗೆ ಹೊಡೆಯುವ ತಳಿ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಸಾವಯವ ಅಂದರೆ ನಮಗೆ ಒಳ್ಳೆಯದು ಇರಬಹುದು, ಹುಳುವಿಗೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಮನೆಯೊಳಗಿನದೂ ನೋಡಿಕೊಳ್ಳಿ. ಟ್ರೇಗೆ ಇರುವೆ ಬಂತು ಅಂತ ಸುತ್ತ ಇರುವೆ ಚಾಕ್ ಎಳೆಯಬೇಡಿ, ಟ್ರೇ ಸ್ಟ್ಯಾಂಡಿನ ಕಾಲಿನ ಕೆಳಗೆ ನೀರಿನ ಬಟ್ಟಲು ಇಡಿ. ಸೊಳ್ಳೆ ಬತ್ತಿ ಆ ರೂಮಿನಲ್ಲಿ ಬೇಡ. ಬೂಸಾ ತರುವಾಗ ಅಂಗಡಿಯವರನ್ನು ಹುಳ ಬರದ ಹಾಗೆ ಏನಾದರೂ ಹಾಕಿದ್ದೀರಾ ಅಂತ ಕೇಳಿ. ಯಾಕೆಂದರೆ ಮೀಲ್‌ವರ್ಮ್ ಅಂದರೇ ಗೋದಾಮಿನ ಧಾನ್ಯಕ್ಕೆ ಬೀಳುವ ಹುಳು. ಅವರು ಔಷಧಿ ಹಾಕುವುದೇ ನಾವು ಸಾಕುವ ಹುಳುವಿಗೆ! ನಾನು ಹೊಸ ಬೂಸಾವನ್ನು ಫ್ರೀಜರ್‌ನಲ್ಲಿ ಮೂರ್ನಾಲ್ಕು ದಿನ ಇಟ್ಟು ಬಳಸುತ್ತೇನೆ, ನುಸಿ ಸಾಯಲು ಅಷ್ಟು ಸಾಕು.

ಸತ್ತ ಹುಳುವನ್ನು ಕಾಗೆಗೋ ಕೋಳಿಗೋ ಹಾಕಬೇಡಿ. ನಾನು ತಾರಸಿ ಮೇಲೆ ಸುರಿಯಲು ಹೋಗಿದ್ದೆ, ಹೆಂಡತಿ ತಡೆದಳು. ಬೂಸಾ ಸಮೇತ ಚೀಲದಲ್ಲಿ ಕಟ್ಟಿ ಹಾಕಿದೆ, ಟ್ರೇಗಳನ್ನು ಸೋಪಿನಲ್ಲಿ ತೊಳೆದು ಬಿಸಿಲಿಗಿಟ್ಟೆ.

ಈಗ ಮತ್ತೆ ಕ್ಯಾರೆಟ್ಟೇ, ಸಿಪ್ಪೆ ದಪ್ಪಗೆ ತೆಗೆದು. ಇಲ್ಲದಿದ್ದರೆ ಸಿಹಿಗೆಣಸು, ಕುಂಬಳಕಾಯಿ ತಿರುಳು. ಸೊಪ್ಪು ಬೇಕಾದರೆ ಕುಂಡದ ದಂಟು. ಬೀಜ ಗುಲಾಬಿ ಬಣ್ಣದ್ದಾಗಿದ್ದರೆ ಅದಕ್ಕೆ ಮೊದಲೇ ಔಷಧಿ ಸವರಿರುತ್ತಾರೆ, ಅದನ್ನು ಬಿತ್ತಬೇಡಿ. ಮತ್ತೆ ಮಾವ ಹೇಳಿದ ಪರೀಕ್ಷೆ. ಹಳೇ ಸ್ವೀಟ್ ಬಾಕ್ಸಿನಲ್ಲಿ ಹತ್ತು ಹುಳು ಬೇರೆ ಇಟ್ಟಿದ್ದೇನೆ. ಹೊಸದಾಗಿ ತಂದ ಯಾವ ತರಕಾರಿಯಾದರೂ ಮೊದಲು ಅವಕ್ಕೆ, ಮೂರು ದಿನ ನೋಡಿ ಆಮೇಲೆ ಉಳಿದವಕ್ಕೆ. ನಿಧಾನವಾಗಿ ಕೊಲ್ಲುವವು ಇದರಲ್ಲೂ ತಪ್ಪಿಸಿಕೊಳ್ಳುತ್ತವೆ, ಆದರೆ ನನಗೆ ಆದದ್ದು ಆಗುವುದಿಲ್ಲ.

ಮೊನ್ನೆ ಒಂದು ಸೌತೆಕಾಯಿ ತಂದಿದ್ದೆ. ತುದಿ ಕತ್ತರಿಸಿ ಸಿಪ್ಪೆ ಸಮೇತ ಆ ಹತ್ತು ಹುಳುವಿಗೆ ಹಾಕಿದೆ. ಮಧ್ಯಾಹ್ನ ನೋಡಿದರೆ ಮೂರು ಬೆನ್ನಡಿಯಾಗಿ ಕಾಲು ನಡುಗಿಸುತ್ತಿದ್ದವು. ಕೆಳಗೆ ಬಂದೆ. ಉಳಿದ ಸೌತೆಕಾಯಿ ಕೋಸಂಬರಿಯಾಗಿ ತಟ್ಟೆಯಲ್ಲಿತ್ತು. ಹೆಂಡತಿಗೆ ವಿಷಯ ಹೇಳಿದೆ. "ಸಿಪ್ಪೆ ತೆಗೆದಿದ್ದೀನಿ, ಸುಮ್ನೆ ತಿನ್ರಿ" ಅಂದಳು. ತಿಂದೆ.