ಹೊರರೋಗಿಗಳ ಸಾಲಿಗೆ ಯಾವುದು ಹೊಂದುತ್ತದೆ: ಕ್ಯೂಆರ್ ನೋಂದಣಿ, ಟೋಕನ್ ಯಂತ್ರ, ಇ-ಸಂಜೀವಿನಿ?

ತಾಲ್ಲೂಕು ಆಸ್ಪತ್ರೆಯ ನೂಕುನುಗ್ಗಲು ತಗ್ಗಿಸಲು ಈ ಮೂರರಲ್ಲಿ ಯಾವುದು ಎಂದು ಕೇಳಿದ್ದೀರಿ. ಮೊದಲು ಸಾಲು ಎಲ್ಲಿ ಬೆಳೆಯುತ್ತಿದೆ ನೋಡಿ: ಚೀಟಿ ಕೌಂಟರಿನಲ್ಲೋ, ವೈದ್ಯರ ಬಾಗಿಲಲ್ಲೋ?

ಕೌಂಟರಿನಲ್ಲಾದರೆ 2022ರಲ್ಲಿ ಬಂದ ಆಭಾ (ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ‘ಸ್ಕ್ಯಾನ್ ಅಂಡ್ ಶೇರ್’ ಒಳ್ಳೆಯದು. ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸ ನೇರವಾಗಿ ಕೌಂಟರಿಗೆ ಹೋಗಿ ಟೋಕನ್ ಸಂಖ್ಯೆ ಬರುತ್ತದೆ. ಸಿಬ್ಬಂದಿಗೆ ಎಲ್ಲವನ್ನೂ ಕೇಳಿ ಬರೆದುಕೊಳ್ಳುವ ಕೆಲಸ ತಪ್ಪುತ್ತದೆ. ಆದರೆ ಹಳೆಯ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟುಕೊಂಡು, ಕೀಪ್ಯಾಡ್ ಫೋನ್ ಹಿಡಿದು ಬರುವ ಅಜ್ಜಿಗೆ ಇದು ಒದಗುವುದಿಲ್ಲ. ಅಂಥವರಿಗೆ ಒಂದು ಕೌಂಟರ್ ಮೀಸಲಿಡಲೇಬೇಕು. ಈ ವಿಷಯದಲ್ಲಿ ನನಗೆ ರಾಜಿಯಿಲ್ಲ.

ವೈದ್ಯರ ಬಾಗಿಲಲ್ಲಿ ನೂಕಾಟವಿದ್ದರೆ ಸಾದಾ ಟೋಕನ್ ಯಂತ್ರ, ಕನ್ನಡದಲ್ಲಿ ಸಂಖ್ಯೆ ಕೂಗುವ ಧ್ವನಿವರ್ಧಕ ಸಾಕು. ಇಂಟರ್ನೆಟ್ ಕೈಕೊಟ್ಟರೂ ನಡೆಯುತ್ತದೆ. ಓದಲು ಬಾರದವರೂ ಕುಳಿತು ಕಾಯಬಹುದು, ನರ್ಸ್‌ಗೆ ಬಾಗಿಲು ಕಾಯುವ ಪಾಡಿಲ್ಲ.

ಇವೆರಡೂ ಸಾಲನ್ನು ಶಿಸ್ತಿಗೆ ತರುತ್ತವೆಯೇ ಹೊರತು ರೋಗಿಗಳ ಸಂಖ್ಯೆಯನ್ನು ಇಳಿಸುವುದಿಲ್ಲ. ಅದಕ್ಕೆ ಇ-ಸಂಜೀವಿನಿ ಬೇಕು. ಹಳ್ಳಿಯ ಆರೋಗ್ಯ ಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ವೈದ್ಯರೊಡನೆ ವಿಡಿಯೊದಲ್ಲಿ ಮಾತನಾಡಿಸುತ್ತಾರೆ. ರಕ್ತದೊತ್ತಡ, ಮಧುಮೇಹದ ಮರುಭೇಟಿಗೆ ಹೇಳಿ ಮಾಡಿಸಿದಂತಿದೆ. ಹೊಟ್ಟೆ ಒತ್ತಿ ನೋಡಬೇಕಾದ ನೋವಿಗೆ ಬೇಡ. ತಂತ್ರಾಂಶ ಸರ್ಕಾರದ್ದೇ. ನಿಜವಾದ ಖರ್ಚು ವೈದ್ಯರ ಸಮಯ: ಹೊರರೋಗಿಗಳ ನಡುವೆಯೇ ಕರೆಗೂ ಕೂರಿಸಿದರೆ ಅವರ ಹೊರೆ ಇಮ್ಮಡಿಯಾಗುತ್ತದೆ.