ಶೀಟ್‌ಗೆ ನಾಲ್ಕೂವರೆ, ಅಂಗಡಿಗೆ ಎರಡು: ಡಿ ಅಂಡ್ ಡಿ ಬಿಯಾಂಡ್, ವರ್ಷಗಟ್ಟಲೆ ಬಳಸಿದ ಮೇಲೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಎಂದರೆ ಮೇಜಿನ ಸುತ್ತ ಕೂತು, ಕಥೆ ಕಟ್ಟುತ್ತ, ದಾಳ ಉರುಳಿಸಿ ಆಡುವ ಆಟ. ಅದರ ಅಧಿಕೃತ ಜಾಲತಾಣ ಡಿ ಅಂಡ್ ಡಿ ಬಿಯಾಂಡ್: ಪಾತ್ರದ ವಿವರಗಳ ಶೀಟ್ ಇಲ್ಲಿರುತ್ತದೆ, ಆಟದ ಪುಸ್ತಕಗಳು ಇದರ ಅಂಗಡಿಯಲ್ಲಿ. ಇದರಲ್ಲಿ ಅತಿ ಹೆಚ್ಚು ಸುಖ ಕೊಡುವುದು ಶಾರ್ಟ್ ರೆಸ್ಟ್ (ಸಣ್ಣ ವಿಶ್ರಾಂತಿ) ಗುಂಡಿ. ಹೊಡೆದಾಟ ಮುಗಿದು ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) "ಸರಿ, ಒಂದು ಗಂಟೆ ಸುಧಾರಿಸಿಕೊಳ್ಳಿ" ಅಂದ ಕೂಡಲೇ ಮೇಜಿನ ಸುತ್ತ ಎಲ್ಲರ ಬೆರಳೂ ಮೊಬೈಲಿನ ಅದೇ ಜಾಗಕ್ಕೆ ಹೋಗುತ್ತದೆ. ಗುಂಡಿ ಒತ್ತಿದರೆ ಪಕ್ಕದಲ್ಲೊಂದು ಪಟ್ಟಿ ತೆರೆಯುತ್ತದೆ. ಖರ್ಚು ಮಾಡುವ ಹಿಟ್ ಡೈಸ್ (ಚೇತರಿಕೆಯ ದಾಳಗಳು) ಮೇಲೆ ಗುರುತು, ದಾಳ ಉರುಳಿಸಿ ಬಂದ ಸಂಖ್ಯೆಗೆ ಕಾನ್‌ಸ್ಟಿಟ್ಯೂಷನ್ (ದೇಹದಾರ್ಢ್ಯ) ಅಂಕ ಸೇರಿಸಿ ಹೀಲ್ ಚೌಕದಲ್ಲಿ ಬರೆದುಕೊಂಡರೆ ಮುಗಿಯಿತು. ಮಾಂತ್ರಿಕ ವಾರ್‌ಲಾಕ್‌ನ ಸ್ಲಾಟ್‌ಗಳು (ಮಂತ್ರ ಹಾಕುವ ಅವಕಾಶಗಳು), ಯೋಧ ಫೈಟರ್‌ನ ಆ್ಯಕ್ಷನ್ ಸರ್ಜ್ (ಹೆಚ್ಚುವರಿ ಕ್ರಿಯೆಯ ಅವಕಾಶ) ತಾವಾಗಿಯೇ ತುಂಬಿಕೊಳ್ಳುತ್ತವೆ. ಇನ್ನೊಂದು ಬಗೆಯ ಮಾಂತ್ರಿಕ ವಿಝರ್ಡ್‌ನ ಸ್ಲಾಟ್‌ಗಳು ಮಾತ್ರ ತಾವಾಗಿ ತುಂಬುವುದು ಲಾಂಗ್ ರೆಸ್ಟ್ (ದೀರ್ಘ ವಿಶ್ರಾಂತಿ) ಆದ ಮೇಲೆಯೇ. ಯಾವುದು ವಾಪಸ್ ಬರುತ್ತದೆ, ಯಾವುದು ಬರುವುದಿಲ್ಲ ಎಂಬ ಹಳೆಯ ವಾದಕ್ಕೆ ಜಾಗವೇ ಇಲ್ಲ. ಟೆಂಪರರಿ ಹಿಟ್ ಪಾಯಿಂಟ್ (ತಾತ್ಕಾಲಿಕ ಜೀವದ ಅಂಕ) ಕೂಡ ಹಾಗೇ: ಏಟು ಬಿದ್ದಾಗ ಮೊದಲು ಅದೇ ಕಡಿತವಾಗುತ್ತದೆ, ಪೆನ್ಸಿಲ್-ರಬ್ಬರ್ ಬೇಕಿಲ್ಲ. ಪುಕ್ಕಟೆ ಖಾತೆಯಲ್ಲೂ ಇಷ್ಟೆಲ್ಲ ಸಿಗುತ್ತದೆ, ಆರು ಕ್ಯಾರೆಕ್ಟರ್‌ಗಳ ಮಿತಿಯೊಳಗೆ.

ದುಡ್ಡು ಕೊಡಬೇಕಾದ್ದು ಪುಸ್ತಕಗಳ ಹಂಚಿಕೆಗೆ. ಮಾಸ್ಟರ್ ಟಿಯರ್ ಚಂದಾ ತಿಂಗಳಿಗೆ 5.99 ಡಾಲರ್, ವರ್ಷಕ್ಕೆ 54.99. ತಂಡದಲ್ಲಿ ಒಬ್ಬರ ಬಳಿ ಇದ್ದರೆ ಸಾಕು. ಕ್ಯಾಂಪೇನ್ (ತಂಡ ಆಡುತ್ತ ಹೋಗುವ ಉದ್ದನೆಯ ಕಥೆ) ಪುಟದಲ್ಲಿ ಕಂಟೆಂಟ್ ಶೇರಿಂಗ್ ಆನ್ ಮಾಡಿ, ಲಿಂಕ್ ಕಳಿಸಿದರೆ ಡಿಎಂ ಕೊಂಡ ಪುಸ್ತಕಗಳೆಲ್ಲ ಆಟಗಾರರ ಬಿಲ್ಡರ್‌ನಲ್ಲಿ (ಪಾತ್ರ ಕಟ್ಟುವ ಪುಟದಲ್ಲಿ) ತೆರೆದುಕೊಳ್ಳುತ್ತವೆ. ಐದು ಜನ ಹಂಚಿಕೊಂಡರೆ ವರ್ಷಕ್ಕೆ ತಲೆಗೆ 11 ಡಾಲರ್, ಹತ್ತಿರ ಹತ್ತಿರ ಸಾವಿರ ರೂಪಾಯಿ. ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಬೇರೆ. ವಾರಕ್ಕೊಮ್ಮೆ ಆಡುವ ತಂಡಕ್ಕೆ ಇದು ಮಸಾಲೆ ದೋಸೆಯ ಲೆಕ್ಕ.

ಭಾರತದಿಂದ ಕಟ್ಟುವವರಿಗೆ ಒಂದು ಎಚ್ಚರಿಕೆ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನ ಮೇಲಿನ ಮರುಕಳಿಸುವ ಪಾವತಿಗೆ ಇ-ಮ್ಯಾಂಡೇಟ್ ನೋಂದಣಿ ಬೇಕು. ಆಗಿಲ್ಲದಿದ್ದರೆ ನವೀಕರಣದ ದಿನ ಪಾವತಿ ತಿರಸ್ಕಾರವಾಗಿ ಚಂದಾ ನಿಲ್ಲುತ್ತದೆ. ಆಮೇಲೆ ಲೆವೆಲ್ ಅಪ್ ಮಾಡಲು, ಅಂದರೆ ಪಾತ್ರವನ್ನು ಮುಂದಿನ ಹಂತಕ್ಕೆ ಏರಿಸಲು, ಹೊರಟವರಿಗೆ ಹಂಚಿಕೆಯ ಪುಸ್ತಕಗಳ ಆಯ್ಕೆಗಳೇ ಕಾಣುವುದಿಲ್ಲ. ಆರಕ್ಕಿಂತ ಹೆಚ್ಚು ಕ್ಯಾರೆಕ್ಟರ್ ಇಟ್ಟುಕೊಂಡವರು ಯಾವ ಆರನ್ನು ತೆರೆದಿಡಬೇಕೆಂದು ಆರಿಸಬೇಕು. ವರ್ಷದ ಚಂದಾ ತೆಗೆದುಕೊಂಡು ಕೊನೆಯ ದಿನಾಂಕವನ್ನು ಡಿಎಂ ಮುಂದೆ ನಿಲ್ಲಿಸಿಕೊಳ್ಳುವ ರಟ್ಟಿನ ಪರದೆಯ ಒಳಬದಿಯಲ್ಲೇ ಬರೆದಿಡುವುದು ಕ್ಷೇಮ.

ಇಷ್ಟು ಅಗ್ಗ ಹೇಗೆ ಎಂದು ಕೇಳಿಕೊಂಡಾಗಲೇ ಬಾಯಿ ಕಹಿಯಾಗುವುದು. ಈ ತಾಣ 2017ರಲ್ಲಿ ಕರ್ಸ್ ಎಂಬ ಕಂಪನಿಯ ಕೈಯಲ್ಲಿ ಶುರುವಾಯಿತು, 2018ರ ಕೊನೆಗೆ ಫ್ಯಾಂಡಮ್ ಎಂಬ ಕಂಪನಿಗೆ ಹೋಯಿತು, 2022ರಲ್ಲಿ ಆಟಿಕೆ ಕಂಪನಿ ಹ್ಯಾಸ್‌ಬ್ರೋ 14.63 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅಷ್ಟು ಸುರಿದವರು ವಾಪಸ್ ಎತ್ತಲೇಬೇಕು. ಅದೇ ವರ್ಷದ ಡಿಸೆಂಬರ್‌ನಲ್ಲಿ ಹೂಡಿಕೆದಾರರ ಮುಂದೆ, ಡಿ ಅಂಡ್ ಡಿ ಪ್ರಕಟಿಸುವ ಹ್ಯಾಸ್‌ಬ್ರೋ ಅಂಗಸಂಸ್ಥೆ ವಿಝರ್ಡ್ಸ್ ಆಫ್ ದ ಕೋಸ್ಟ್‌ನ ಆಗಿನ ಮುಖ್ಯಸ್ಥೆ ಸಿಂಥಿಯಾ ವಿಲಿಯಮ್ಸ್, ಈ ಬ್ರ್ಯಾಂಡ್‌ನಿಂದ ಬರಬೇಕಾದಷ್ಟು ಹಣ ಬರುತ್ತಿಲ್ಲ ಎಂದರು. ಡಿಎಂಗಳು ಆಡುವವರಲ್ಲಿ ಸುಮಾರು 20 ಪ್ರತಿಶತ, ಆದರೆ ದುಡ್ಡು ಬಿಚ್ಚುವವರಲ್ಲಿ ದೊಡ್ಡ ಪಾಲು ಅವರದೇ ಎಂಬುದೂ ಅದೇ ಮಾತಿನಲ್ಲಿತ್ತು. ಹ್ಯಾಸ್‌ಬ್ರೋ ಮನೆಯಲ್ಲಿ ದುಡಿಯುವ ಹಿರಿಮಗ ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟ. 2022ರಲ್ಲಿ ಅದೊಂದೇ 100 ಕೋಟಿ ಡಾಲರ್ ವಹಿವಾಟು ದಾಟಿತ್ತು. ಡಿ ಅಂಡ್ ಡಿಗೆ ಹೆಸರು ದೊಡ್ಡದು, ಗಳಿಕೆ ಚಿಕ್ಕದು.

ಅಂದರೆ ನಮಗೆ ಅತಿ ಉಪಯೋಗಕ್ಕೆ ಬರುವ ಸೌಲಭ್ಯವೇ ಮಾಲೀಕರ ಲೆಕ್ಕದಲ್ಲಿ ಸೋರುವ ಕೊಡ. ಒಬ್ಬರು ಕೊಂಡು ನಾಲ್ವರು ಓದುತ್ತಿದ್ದಾರೆ! ಹಂಚಿಕೆಯನ್ನು ಇನ್ನೂ ಮುಟ್ಟಿಲ್ಲ, ನಿಜ. ಅಂಚಿನಿಂದ ಕಚ್ಚುವುದು ಮಾತ್ರ ನಡೆದೇ ಇದೆ. ಮೊದಲು ಬೇಕಾದ ಒಂದೇ ಸಬ್‌ಕ್ಲಾಸನ್ನು (ಫೈಟರ್, ವಿಝರ್ಡ್‌ನಂಥ ಕ್ಲಾಸಿನ ಒಳಬಗೆ) 1.99 ಡಾಲರ್‌ಗೆ ಕೊಳ್ಳಬಹುದಿತ್ತು. ಆಮೇಲೆ ಇಡೀ ಪುಸ್ತಕ ಬೇಕೆನಿಸಿದರೆ ಕೊಟ್ಟದ್ದನ್ನು ಅದರ ಬೆಲೆಯಿಂದ ಕಳೆಯುತ್ತಿದ್ದರು. 2024ರ ವಸಂತದಲ್ಲಿ ಅಂಗಡಿಯನ್ನು ಹೊಸದು ಮಾಡುವ ನೆಪದಲ್ಲಿ ಈ ಚಿಲ್ಲರೆ ವ್ಯಾಪಾರವನ್ನೇ ತೆಗೆದುಹಾಕಿದರು. ಅಲ್ಲಿಂದ ಒಂದು ಸಬ್‌ಕ್ಲಾಸ್ ಬೇಕಾದರೂ ಇಡೀ ಪುಸ್ತಕವೇ ಗತಿಯಾಯಿತು. ಆಟಗಾರರ ಮುಖ್ಯ ನಿಯಮ ಪುಸ್ತಕವಾದ 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಡಿಜಿಟಲ್ ಪ್ರತಿ 29.99 ಡಾಲರ್, ಕಾಗದದ್ದು 49.99, ಎರಡೂ ಸೇರಿ 59.99. ಕೊಳ್ಳುವುದೇ ಆದರೆ ಮೂರನೆಯದು. ಕಾರಣ ಮುಂದಿದೆ.

2024ರ ಆಗಸ್ಟ್‌ನಲ್ಲಿ, ಹೊಸ ಪುಸ್ತಕ ಬರುವ ಹೊಸ್ತಿಲಲ್ಲಿ, ಎಲ್ಲರ ಶೀಟ್‌ಗಳ ಮಂತ್ರಗಳನ್ನೂ ಮಾಂತ್ರಿಕ ವಸ್ತುಗಳನ್ನೂ ಹೊಸ ಆವೃತ್ತಿಗೆ ಬದಲಿಸುತ್ತೇವೆ, ಹಳೆಯದೇ (2014ರ ನಿಯಮದ್ದೇ) ಬೇಕಾದವರು ಹೋಮ್‌ಬ್ರೂ (ಸ್ವಂತ ರಚನೆ) ಆಗಿ ತಾವೇ ಟೈಪ್ ಮಾಡಿಕೊಳ್ಳಿ ಎಂಬ ಪ್ರಕಟಣೆ ಬಂತು. ಇದರ ಪರಿಣಾಮ ಒಂದು ಮಂತ್ರದಲ್ಲೇ ಕಾಣುತ್ತದೆ. ಗಾಯ ಮಾಯಿಸುವ ಮಂತ್ರವಾದ 2014ರ ಕ್ಯೂರ್ ವೂಂಡ್ಸ್ 1ಡಿ8 (ಎಂಟು ಮುಖದ ಒಂದು ದಾಳದಷ್ಟು) ಗುಣಪಡಿಸುತ್ತದೆ, 2024ರದ್ದು 2ಡಿ8. ಸರಾಸರಿ ವ್ಯತ್ಯಾಸ 4.5. ಹಳೆಯ ನಿಯಮದಲ್ಲಿ ಗಾಬ್ಲಿನ್ ಎಂಬ ಪುಟ್ಟ ರಾಕ್ಷಸನ ಕತ್ತಿ ಏಟು ಸರಾಸರಿ 5. ಅಂದರೆ ಪ್ರತಿ ಸಲ ಮಂತ್ರ ಹಾಕಿದಾಗಲೂ ಒಂದು ಗಾಬ್ಲಿನ್ ಏಟು ಮಾಯ. ನಡುಹಾದಿಯಲ್ಲಿರುವ ಕ್ಯಾಂಪೇನ್‌ನ ಹದ ಕೆಡಲು ಇನ್ನೇನು ಬೇಕು? ಗದ್ದಲವೆದ್ದು ಕೆಲವೇ ದಿನಗಳಲ್ಲಿ ಹಿಂದೆ ಸರಿದರು, ಹಳೆಯವಕ್ಕೆ ಲೆಗಸಿ (ಹಿಂದಿನದು) ಎಂಬ ಚೀಟಿ ಅಂಟಿಸಿ ಉಳಿಸಿಕೊಂಡರು. ಬದಲಿಸುವ ಕೀಲಿ ಅವರ ಕೈಯಲ್ಲೇ ಇದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಾಯಿತು. ಬಾಡಿಗೆ ಮನೆಗೆ ಸ್ವಂತ ಖರ್ಚಲ್ಲಿ ಸುಣ್ಣ ಬಳಿದವರ ಸ್ಥಿತಿ.

ಇದಕ್ಕೆ ಮದ್ದು ಇಷ್ಟು. ಪ್ರತಿ ಲೆವೆಲ್ ಅಪ್ ಆದ ಮೇಲೆ ಶೀಟನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಿ. ಅದರ ಮಂತ್ರದ ಪುಟದಲ್ಲಿ ಹೆಸರು, ದೂರ, ಅವಧಿ ಬರುತ್ತವೆಯೇ ಹೊರತು ಪೂರ್ಣ ವಿವರಣೆ ಬರುವುದಿಲ್ಲ. ಅದಕ್ಕೇ ಕಾಗದದ ಪುಸ್ತಕ ಬೇಕು. ಐದನೇ ಆವೃತ್ತಿಯ ಮೂಲ ಪುಸ್ತಕಗಳನ್ನು ಕಂಪನಿ ಪಿಡಿಎಫ್ ಆಗಿ ಮಾರುವುದಿಲ್ಲ. ಹೊಸ ಕ್ಯಾಂಪೇನ್ ಶುರು ಮಾಡುವಾಗ 2014ರ ನಿಯಮವೋ 2024ರದ್ದೋ ಎಂದು ಮೊದಲೇ ತೀರ್ಮಾನಿಸಿ, ಬಿಲ್ಡರ್‌ನ ಮೊದಲ ಪುಟದಲ್ಲೇ ಲೆಗಸಿ ಆಯ್ಕೆಯನ್ನು ಎಲ್ಲರೂ ಒಂದೇ ರೀತಿ ಇಟ್ಟುಕೊಳ್ಳಿ. ಇಲ್ಲವಾದರೆ ಪಟ್ಟಿಯಲ್ಲಿ ಒಂದೇ ಹೆಸರಿನ ಎರಡು ಮಂತ್ರ ಕೂತು, ಒಬ್ಬರು ಒಂದು ದಾಳ, ಇನ್ನೊಬ್ಬರು ಎರಡು ದಾಳ ಉರುಳಿಸುತ್ತಾರೆ. ಚಂದಾವನ್ನು ಆಟ ನಡೆಯುವ ತಿಂಗಳುಗಳಿಗೆ ಮಾತ್ರ ತೆಗೆದುಕೊಳ್ಳುವ ಉಪಾಯವೂ ಇದೆ. ಒಂಬತ್ತು ತಿಂಗಳು ಬಿಡಿ ಕಟ್ಟಿದರೆ 53.91 ಡಾಲರ್. ಅಲ್ಲಿಯವರೆಗೆ ಲಾಭ, ಹತ್ತನೇ ತಿಂಗಳು ಆಡುವುದಾದರೆ ವಾರ್ಷಿಕವೇ ವಾಸಿ.

ಇಷ್ಟು ಬೈದ ಮೇಲೂ ಖಾತೆ ಮುಚ್ಚಿ ಎನ್ನುತ್ತಿಲ್ಲ. ಕಂಪನಿಯ ಭವಿಷ್ಯವೂ ಆಟದ ಭವಿಷ್ಯವೂ ಬೇರೆ ಬೇರೆಯಾಗಿ ಈಗಾಗಲೇ ಕೆಲವು ವರ್ಷಗಳಾದವು. ಡಿ ಅಂಡ್ ಡಿ ನಿಯಮ ಬಳಸಿ ಪುಸ್ತಕ ಮಾರುವ ಹೊರಗಿನವರಿಗೆಂದು ಮಾಡಿ, 2023ರ ಜನವರಿಯಲ್ಲಿ ಸೋರಿಕೆಯಾದ ಪರವಾನಗಿ ಕರಡು, 7,50,000 ಡಾಲರ್ ದಾಟಿದ ವಹಿವಾಟಿನ ಮೇಲೆ 25 ಪ್ರತಿಶತದವರೆಗೆ ರಾಯಧನ ಕೇಳಿತ್ತು. ಆಟಗಾರರು ಸಾಲುಗಟ್ಟಿ ಚಂದಾ ರದ್ದು ಮಾಡಿದರು. ಜನವರಿ 27ರಂದು ಕಂಪನಿ ಎಸ್‌ಆರ್‌ಡಿ 5.1ನ್ನು, ಅಂದರೆ ಆಟದ ನಿಯಮಗಳ ಮುಕ್ತ ಭಾಗವನ್ನು, ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಿಟ್ಟುಕೊಟ್ಟಿತು. ಇದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. 2025ರಲ್ಲಿ ಹೊಸ ನಿಯಮಗಳ ಎಸ್‌ಆರ್‌ಡಿ 5.2 ಕೂಡ ಅದೇ ದಾರಿಯಲ್ಲಿ ಬಂತು. ಅತ್ತ ಅನ್‌ರಿಯಲ್ ಎಂಜಿನ್ 5ರಲ್ಲಿ ಕಟ್ಟಿದ ಸಿಜಿಲ್ ಎಂಬ, ಕಂಪ್ಯೂಟರಿನಲ್ಲಿ ಆಡುವ ಮೂರು ಆಯಾಮದ ಮೇಜು 2025ರ ಫೆಬ್ರವರಿಯಲ್ಲಿ ಹೊರಬಂದು, ಮರುತಿಂಗಳೇ ಅದರ ತಂಡದ ಬಹುಪಾಲು ಜನ ಕೆಲಸ ಕಳೆದುಕೊಂಡರು. ಹೊಸ ಪುಸ್ತಕಗಳಿಗೆ ದುಡಿದ ಜೆರೆಮಿ ಕ್ರಾಫರ್ಡ್, ಕ್ರಿಸ್ ಪರ್ಕಿನ್ಸ್ ಅದೇ ವರ್ಷ ಹೊರಬಿದ್ದು, ಡ್ಯಾಗರ್‌ಹಾರ್ಟ್ ಎಂಬ ಇದೇ ಬಗೆಯ ಆಟ ಮಾಡಿದ ಡ್ಯಾರಿಂಗ್ಟನ್ ಪ್ರೆಸ್ ಸೇರಿಕೊಂಡರು. ವ್ಯಾಪಾರ ಎತ್ತ ತಿರುಗಿದರೂ ಭಾನುವಾರದ ಆಟ ನಿಲ್ಲುವುದಿಲ್ಲ. ಆ ಶೀಟ್‌ಗಾಗಿ, ಆ ಶಾರ್ಟ್ ರೆಸ್ಟ್ ಗುಂಡಿಗಾಗಿ ವರ್ಷಕ್ಕೆ ತಲೆಗೆ ಸಾವಿರ ರೂಪಾಯಿ ಕೊಡಬಹುದು. ಅದರೊಳಗೆ ಗ್ರಂಥಾಲಯ ಕಟ್ಟಿಕೊಳ್ಳಲು ಮಾತ್ರ ಹೋಗಬೇಡಿ.

ಕನ್ನಡದಲ್ಲಿ ಆಡಿಸುವವರಿಗೆ ಇದರಲ್ಲೊಂದು ಲಾಭವೂ ಇದೆ. ಎಸ್‌ಆರ್‌ಡಿಯನ್ನು ಅನುವಾದಿಸಲು, ಮುದ್ರಿಸಲು, ಬೇಕಾದರೆ ಮಾರಲು ಯಾರನ್ನೂ ಕೇಳಬೇಕಿಲ್ಲ. ಅದರಲ್ಲೇ ಕೊಟ್ಟಿರುವ ಕೃಪೆಯ ಸಾಲನ್ನು ಸೇರಿಸಿ, ಇದು ಅನುವಾದ ಎಂದು ಸೂಚಿಸಿ, ಮುಖಪುಟದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೆಸರು ಹಾಕಬೇಡಿ. ಬಿಹೋಲ್ಡರ್, ಮೈಂಡ್ ಫ್ಲೇಯರ್‌ನಂಥ ಹೆಸರಾದ ರಾಕ್ಷಸರನ್ನು ಅದರಲ್ಲಿ ಹುಡುಕಬೇಡಿ, ಅವನ್ನು ಕಂಪನಿ ತನಗೇ ಇಟ್ಟುಕೊಂಡಿದೆ. 12 ಕ್ಲಾಸ್‌ಗಳಿವೆ, ಒಂದೊಂದಕ್ಕೂ ಒಂದೇ ಸಬ್‌ಕ್ಲಾಸ್. ಸೇವಿಂಗ್ ಥ್ರೋಗೆ (ಅಪಾಯದಿಂದ ಪಾರಾಗಲು ಉರುಳಿಸುವ ದಾಳಕ್ಕೆ) ಕನ್ನಡದಲ್ಲಿ ಏನನ್ನಬೇಕೆಂಬ ಜಗಳವೇ ಎರಡು ಭಾನುವಾರ ತಿನ್ನಬಹುದು. ಗಾಬ್ಲಿನ್‌ನಿಂದ ಶುರು ಮಾಡಿ, ಆಮೇಲೆ ಕ್ಯೂರ್ ವೂಂಡ್ಸ್. 5.1ರಲ್ಲಿ ಅದು 1ಡಿ8, ಯಾರ ಸರ್ವರ್ ಏನೇ ಹೇಳಲಿ.