71 ಜಿಬಿಯ ಜೀನೋಮ್ ಕಡತ ಕಳುಹಿಸಲು ಆರ್‌ಸಿಂಕ್: ಬಳಸಿ ನೋಡಿದ ಅನುಭವ

ಮೈಸೂರಿನ ನಮ್ಮ ಪ್ರಯೋಗಾಲಯದಿಂದ ಬೆಂಗಳೂರಿನ ಸಹಯೋಗಿಗಳಿಗೆ ಒಬ್ಬ ವ್ಯಕ್ತಿಯ ಇಡೀ ಜೀನೋಮಿನ (ಪೂರ್ತಿ ಡಿಎನ್‌ಎ ಬರಹದ) ಫಾಸ್ಟ್‌ಕ್ಯೂ ಕಡತಗಳನ್ನು, ಅಂದರೆ ಡಿಎನ್‌ಎ ಓದುವ ಯಂತ್ರ ಕೊಟ್ಟ ಕಚ್ಚಾ ದತ್ತಾಂಶವನ್ನು, ಕಳುಹಿಸುವ ಕೆಲಸ ಹೋದ ವರ್ಷ ನನ್ನ ಪಾಲಿಗೆ ಬಂತು. ಸುಮಾರು 310 ಕೋಟಿ ಅಕ್ಷರಗಳ ಜೀನೋಮನ್ನು ಯಂತ್ರ ಸರಾಸರಿ 30 ಬಾರಿ ಓದುವುದರಿಂದ, ಜಿಜಿಪ್ ಮಾಡಿ ಕುಗ್ಗಿಸಿದ ಮೇಲೂ ಎರಡು ಕಡತಗಳು ಸೇರಿ 71 ಜಿಬಿ ಆಗಿದ್ದವು. ಮೊದಲು ದುಡ್ಡು ಕೊಟ್ಟು ಬಳಸಿದ ಒಂದು ಅಪ್‌ಲೋಡ್ ಸೇವೆಯಲ್ಲಿ 60 ಜಿಬಿ ದಾಟಿದ ಹೊತ್ತಿಗೆ ಕರೆಂಟ್ ಹೋಯಿತು, ಸ್ವಲ್ಪ ಹೊತ್ತು ಕೂಗಿದ ಯುಪಿಎಸ್ ಕೂಡ ಕೈಕೊಟ್ಟಿತು, ಮತ್ತೆ ತೆರೆದಾಗ ಎಲ್ಲವೂ ಸೊನ್ನೆಯಿಂದ ಶುರುವಾಯಿತು. ಲಿಂಕ್ ಸಿಕ್ಕ ಯಾರಾದರೂ ಆ ಕಡತವನ್ನು ಇಳಿಸಿಕೊಳ್ಳಬಹುದಿತ್ತು ಎಂಬುದು ನನಗೆ ಹೊಳೆದದ್ದು ಆಮೇಲೆ.

ಅಂದಿನಿಂದ ಎಸ್‌ಎಸ್‌ಎಚ್ (ಎರಡು ಯಂತ್ರಗಳ ನಡುವಿನ ಗೂಢಲಿಪಿಯ ಸಂಪರ್ಕ) ಮೂಲಕ, ಕಡತಗಳನ್ನು ನಕಲಿಸುವ ಆರ್‌ಸಿಂಕ್ ಬಳಸುತ್ತಿದ್ದೇನೆ. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಾಸ್ 1996ರಲ್ಲಿ ಹೊರತಂದ ಈ ಉಚಿತ ತಂತ್ರಾಂಶದ ದೊಡ್ಡ ಗುಣವೆಂದರೆ, ಸಂಪರ್ಕ ಕಡಿದುಹೋದರೆ ಆವರೆಗೆ ಹೋದ ಭಾಗ ವ್ಯರ್ಥವಾಗುವುದಿಲ್ಲ. ಆದರೆ ‘ಪಾರ್ಷಿಯಲ್’ ಎಂಬ ಆಯ್ಕೆಯನ್ನು ನಾವೇ ಕೊಡಬೇಕು. ಕೊಡದಿದ್ದರೆ ಅರ್ಧಕ್ಕೆ ನಿಂತ ಕಡತವನ್ನು ಅದು ಅಳಿಸಿಹಾಕುತ್ತದೆ. ಮತ್ತೆ ಶುರುಮಾಡಿದಾಗ ಎರಡೂ ಕಡೆಯ ಯಂತ್ರಗಳು ಬಂದಿರುವ ಭಾಗವನ್ನು ತುಂಡು ತುಂಡಾಗಿ ಹೋಲಿಸಿ ಉಳಿದದ್ದನ್ನಷ್ಟೇ ಕಳುಹಿಸುತ್ತವೆ. ಈ ಹೋಲಿಕೆ ನಡೆಯುವಾಗ ಪರದೆಯ ಮೇಲೆ ಎಷ್ಟೋ ಹೊತ್ತು ಏನೂ ಅಲುಗಾಡುವುದಿಲ್ಲ; ಮೊದಲ ಸಲ ಅದು ಕೆಟ್ಟುಹೋಯಿತೆಂದೇ ಭಾವಿಸಿ ನಾನು ನಿಲ್ಲಿಸಿಬಿಟ್ಟಿದ್ದೆ.

ಕಲಿಯುವವರಿಗೆ ಇದು ಸೌಮ್ಯವಾದ ಸಾಧನವಲ್ಲ. ಕಳುಹಿಸುವ ಫೋಲ್ಡರಿನ ಹೆಸರಿನ ಕೊನೆಯಲ್ಲಿ ಓರೆಗೆರೆ (/) ಇದ್ದರೆ ಒಳಗಿನ ಕಡತಗಳು ಮಾತ್ರ ಹೋಗುತ್ತವೆ, ಇಲ್ಲದಿದ್ದರೆ ಫೋಲ್ಡರೇ ಹೋಗುತ್ತದೆ. ಈ ಒಂದು ಗೆರೆಯನ್ನು ಗಮನಿಸದೆ ಎರಡು ಮಾದರಿಗಳ ಒಂದೇ ಹೆಸರಿನ ಕಡತಗಳನ್ನು ಒಂದರ ಮೇಲೊಂದು ಬರೆಸಿ, ಇಡೀ ರಾತ್ರಿಯ ಕೆಲಸವನ್ನು ನಾನೇ ಹಾಳುಮಾಡಿಕೊಂಡಿದ್ದೇನೆ. ಈಗಾಗಲೇ ಕುಗ್ಗಿಸಿದ ಕಡತಕ್ಕೆ, ಕಳುಹಿಸುವಾಗ ಕುಗ್ಗಿಸುವ ‘ಝಡ್’ ಆಯ್ಕೆ ಕೊಡುವುದು ದಂಡ. ಮುಗಿದ ಮೇಲೆ ಎರಡೂ ಕಡೆ ಎಂಡಿ5 (ಕಡತದ ಒಳಗಿನದರಿಂದ ಲೆಕ್ಕಹಾಕಿದ ಗುರುತಿನ ಸಂಕೇತ) ತೆಗೆದು ಆ 32 ಅಕ್ಷರಗಳನ್ನು ಹೋಲಿಸುವ ಅಭ್ಯಾಸವನ್ನು ನಾನಂತೂ ಬಿಟ್ಟಿಲ್ಲ.

ಸುರಕ್ಷತೆಯ ವಿಷಯದಲ್ಲಿ ಎಸ್‌ಎಸ್‌ಎಚ್ ಕಾಯುವುದು ದಾರಿಯನ್ನು ಮಾತ್ರ. ಮೊದಲ ಸಲ ಸಂಪರ್ಕಿಸುವಾಗ ಪರದೆಯಲ್ಲಿ ಬರುವ ಸರ್ವರಿನ ಬೆರಳಚ್ಚನ್ನು (ಆ ಯಂತ್ರವನ್ನು ಗುರುತಿಸುವ ಅಕ್ಷರಸಾಲನ್ನು) ಕಣ್ಣುಮುಚ್ಚಿ ಒಪ್ಪಿಕೊಳ್ಳುವವರೇ ಹೆಚ್ಚು. ನಾವು ಬೆಂಗಳೂರಿಗೆ ಫೋನ್ ಮಾಡಿ, ಅಲ್ಲಿನ ಮೇಡಂ ಅಕ್ಷರ ಅಕ್ಷರವಾಗಿ ಓದಿ ಹೇಳಿದ್ದನ್ನು ತಾಳೆ ನೋಡಿದೆವು. ಆದರೆ ತಲುಪಿದ ಕಡತ ಅಲ್ಲಿನ ಡಿಸ್ಕಿನಲ್ಲಿ ಬೀಗವಿಲ್ಲದೆಯೇ ಕೂತಿರುತ್ತದೆ. ಹೆಸರು ತೆಗೆದರೂ ಜೀನೋಮ್ ಆ ವ್ಯಕ್ತಿಯ ಗುರುತನ್ನು, ರಕ್ತಸಂಬಂಧಿಗಳ ಸುಳಿವನ್ನು ಕೂಡ ಬಿಟ್ಟುಕೊಡಬಲ್ಲದಾದ್ದರಿಂದ, ಕಳುಹಿಸುವ ಮೊದಲೇ ಜೀನೋಮ್ ಕಡತಗಳಿಗೆಂದೇ ರೂಪಿಸಿದ ಕ್ರಿಪ್ಟ್‌4ಜಿಎಚ್ ವಿಧಾನದಲ್ಲಿ, ಪಡೆಯುವವರ ಸಾರ್ವಜನಿಕ ಕೀಲಿಯಿಂದ (ಬಿಚ್ಚಲು ಅವರ ಖಾಸಗಿ ಕೀಲಿಯೇ ಬೇಕು) ಗೂಢಲಿಪಿ ಮಾಡುವುದನ್ನು ರೂಢಿಸಿಕೊಂಡಿದ್ದೇವೆ.

ವೇಗಕ್ಕೆ ಆರ್‌ಸಿಂಕನ್ನು ದೂರುವಂತಿಲ್ಲ. 100 ಎಂಬಿಪಿಎಸ್ ಅಪ್‌ಲೋಡ್ ಪೂರ್ತಿ ಸಿಕ್ಕರೂ 71 ಜಿಬಿಗೆ ಒಂದೂವರೆ ಗಂಟೆಗೂ ಮಿಕ್ಕಿ ಬೇಕು, 5 ಟಿಬಿಗೆ ನಾಲ್ಕೂವರೆ ದಿನ ಸಾಲದು. ಅಷ್ಟು ದೊಡ್ಡ ಕಂತು ಬಂದಾಗ ನಾವು ಈಗಲೂ ಗೂಢಲಿಪಿ ಮಾಡಿದ ಹಾರ್ಡ್‌ಡಿಸ್ಕನ್ನು ಬ್ಯಾಗಿನಲ್ಲಿಟ್ಟುಕೊಂಡು ಬೆಳಗಿನ ರೈಲು ಹತ್ತುತ್ತೇವೆ.